ಗ್ರೀಕರ ಪಾತಾಳ, ನಮ್ಮ ಮನೆಯ ಎಡೆ

ನಮ್ಮ ಅತ್ತೆಗೆ ಕಥೆ ಹೇಳುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ಸುಮ್ಮನೆ ಹೂಂಗುಟ್ಟುವ ಪೈಕಿ ಅಲ್ಲ ಅವರು. ರಾಜ ಕಾಡಿಗೆ ಹೋದ ಎಂದರೆ ಮನೆಯ ಬೀಗದಕೈ ಯಾರಿಗೆ ಕೊಟ್ಟ ಎಂದು ಕೇಳುತ್ತಾರೆ. ಆದರೂ ಓದಿದ್ದನ್ನು ಅವರಿಗೆ ಹೇಳದಿದ್ದರೆ ನನಗೆ ಓದಿದ ಹಾಗೇ ಆಗುವುದಿಲ್ಲ. ಕುಶಾಲನಗರದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇದೇ ಚಾಳಿ. ಕಥೆ ನನ್ನದು, ಜಗಳ ಅವರದು.

ಮಾವ ತೀರಿಕೊಂಡ ಮೇಲಿನ ಮೊದಲ ಪಕ್ಷದ ಹಬ್ಬ ಅದು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು ನಾವು. ಎಲ್ಲಿಗೆ ಬಂದರೂ ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುವುದನ್ನು ಬಿಟ್ಟಿಲ್ಲ. ಹಬ್ಬದ ಹಿಂದಿನ ದಿನ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ, ಆಗಷ್ಟೇ ಓದಿದ್ದ ಗ್ರೀಕರ ಹಳೆಯ ಮಹಾಕಾವ್ಯವೊಂದರ ಪಾತಾಳದ ಭಾಗವನ್ನು ಶುರು ಮಾಡಿದೆ. ಯುದ್ಧ ಮುಗಿಸಿ ಊರಿಗೆ ಹೊರಟ ವೀರನೊಬ್ಬ ದಾರಿ ಕೇಳಲು ಸತ್ತವರ ನಾಡಿನ ಬಾಗಿಲಿಗೆ ಹೋಗುತ್ತಾನೆ. ಕತ್ತಿಯಿಂದ ಒಂದು ಗುಂಡಿ ತೋಡಿ, ಜೇನು ಬೆರೆಸಿದ ಹಾಲು, ಮದ್ಯ, ನೀರು ಎರೆದು, ಮೇಲೆ ಹಿಟ್ಟು ಉದುರಿಸಿ, ಕುರಿ ಕಡಿದು ರಕ್ತ ಸುರಿಯುತ್ತಾನೆ. ಸತ್ತವರೆಲ್ಲ ಗುಂಪುಗುಂಪಾಗಿ ಏಳುತ್ತಾರೆ.

"ನಮ್ಮಂಗೇ ಎಡೆ ಇಡ್ತಾರಲ್ಲೇ!" ಎಂದು ಅತ್ತೆಗೆ ಖುಷಿಯಾಯಿತು. "ಸರಿ, ಆಮೇಲೆ ಏನು ಬಡಿಸ್ತಾರೆ?"

"ಅಷ್ಟೇ ಅತ್ತೆ. ಅಲ್ಲಿ ಊಟ ಅಂತ ಇಲ್ಲ. ಬರೀ ಮಬ್ಬು. ಸತ್ತವರು ನೆರಳಿನ ಹಾಗೆ ಓಡಾಡ್ಕೊಂಡು ಇರ್ತಾರೆ. ಆ ರಕ್ತ ಕುಡಿದ್ರೇನೇ ಗುರುತು ಹಿಡಿಯೋದು, ಮಾತಾಡೋದು."

ನಮ್ಮ ನರಕದಲ್ಲಾದರೆ ಕಾದ ಎಣ್ಣೆಯ ಕೊಪ್ಪರಿಗೆಯಾದರೂ ಇದೆ. ಗ್ರೀಕರ ಪಾತಾಳದಲ್ಲಿ ಕೆಲವರಿಗೆ ಬಿಟ್ಟರೆ ಶಿಕ್ಷೆಯೂ ಇಲ್ಲ; ಇರುವುದು ಬರೀ ಬೇಜಾರು. ಒಬ್ಬ ಮಹಾವೀರ ಅಲ್ಲಿ ಸತ್ತವರಿಗೆಲ್ಲ ದೊರೆಯ ಹಾಗೆ ಇದ್ದಾನೆ. ಆದರೂ ಭೂಮಿಯ ಮೇಲೆ ಯಾವನೋ ಬಡವನ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದರೂ ಇದಕ್ಕಿಂತ ಲೇಸಿತ್ತು ಎಂದು ಗೋಳಾಡುತ್ತಾನೆ.

"ಬರಾಕೆ ಹೇಳು," ಎಂದರು ಅತ್ತೆ. "ನಮ್ ತೋಟದ ಕಾಫಿ ಪಿಕ್ಕಿಂಗಿಗೆ ಒಂದಾಳೂ ಸಿಕ್ತಿಲ್ಲ."

ವೀರನ ತಾಯಿ ಬಂದ ಭಾಗ ಹೇಳುವಾಗ ಮಾತ್ರ ಅವರು ನಗಲಿಲ್ಲ. ಅವನು ಊರು ಬಿಟ್ಟಾಗ ಬದುಕಿದ್ದವಳು; ಸತ್ತಿದ್ದಾಳೆಂದು ಅವನಿಗೆ ಗೊತ್ತಾಗುವುದೇ ಅಲ್ಲಿ. ಅಪ್ಪಿಕೊಳ್ಳಲು ಹೋದರೆ ಮತ್ತೆ ಮತ್ತೆ ಕೈಗೆ ಸಿಗದೆ ಜಾರಿಬಿಡುತ್ತಾಳೆ. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಬೆಳ್ಳುಳ್ಳಿಯ ಘಾಟು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಎಲ್ಲಿ ನಿಲ್ಲುತ್ತದೆ? ಇನ್ನೊಬ್ಬ ಸತ್ತ ಯೋಧನ ವಿಷಯ ತೆಗೆದೆ. ಬದುಕಿದ್ದಾಗ ಒಂದು ಕವಚಕ್ಕಾಗಿ ಅವನಿಗೂ ಈ ವೀರನಿಗೂ ಮನಸ್ತಾಪವಾಗಿ, ಆ ಅವಮಾನದಲ್ಲೇ ಸತ್ತವನು ಅವನು. ಈಗ ವೀರ ಎಷ್ಟು ಬೇಡಿಕೊಂಡರೂ ಅವನು ಒಂದು ಮಾತೂ ಆಡದೆ ಮುಖ ತಿರುಗಿಸಿಕೊಂಡು ಹೊರಟುಹೋಗುತ್ತಾನೆ.

ಅತ್ತೆಯ ಕೈ ನಿಂತುಬಿಟ್ಟಿತು. "ಸತ್ತ ಮೇಲೂ ಸಿಟ್ಟು ಇರ್ತದೇನವ್ವ?"

ಆಗ ನನಗೆ ಹೊಳೆಯಿತು. ಮಾವನ ಕಿಡ್ನಿ ಹಾಳಾದ ಮೇಲೆ ಡಾಕ್ಟರು ಉಪ್ಪು ಮುಟ್ಟಬಾರದು ಎಂದಿದ್ದರು. ಅತ್ತೆ ಅದನ್ನು ವ್ರತದಂತೆ ನಡೆಸಿದರು. ಮಾಂಸ ಬೇಯಿಸಿದರೆ ಇಡೀ ಮನೆಗೇ ಸಪ್ಪೆ. ನಮ್ಮ ತಟ್ಟೆಗೆ ನಾವು ಉಪ್ಪು ಉದುರಿಸಿಕೊಳ್ಳಬೇಕು, ಅದೂ ಮಾವನ ಕಣ್ಣಿಗೆ ಬೀಳದಂತೆ. ಕೊನೆಯ ದಿನ ಬೆಳಿಗ್ಗೆ ಮಾವ ಗಂಜಿಗೆ ಒಂದು ಚಿಟಿಕೆ ಉಪ್ಪು ಕೇಳಿದರು. ಅತ್ತೆ ಕೊಡಲಿಲ್ಲ. ಮಾವ ಗೋಡೆಯ ಕಡೆ ತಿರುಗಿ ಮಲಗಿದರು, ಮತ್ತೆ ಈಚೆ ತಿರುಗಲೇ ಇಲ್ಲ.

"ಅದು ಕಥೆ ಅತ್ತೆ," ಎಂದೆ. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸಿತು.

ಮರುದಿನ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಮಾವ ಹೋದ ಮೇಲೆ ಅವರು ಮಾಂಸದಡಿಗೆಗೆ ಕೈ ಹಾಕಿದ್ದು ಅವತ್ತೇ ಮೊದಲು. ಖಾರ ತಾವೇ ಅರೆದರು, ಮುದ್ದೆ ತಾವೇ ತಿರುವಿದರು. ಎಡೆಯ ಅಡಿಗೆಯನ್ನು ಇಡುವ ಮೊದಲು ಯಾರೂ ರುಚಿ ನೋಡುವ ಹಾಗಿಲ್ಲ, ಅದು ಹಿರಿಯರ ಎಂಜಲಾಗಿಯೇ ನಮಗೆ ಬರಬೇಕು. ಸಂಜೆ ಮಾವನ ಫೋಟೋದ ಮುಂದೆ ಬಾಳೆಲೆ ಹಾಸಿ, ಮುದ್ದೆ, ಮಟನ್ ಸಾರು, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗಲಿಗೆ ಬಂದೆವು. ಹಿರಿಯರು ಬಂದು ಉಣ್ಣುವಾಗ ಬದುಕಿದ್ದವರು ಒಳಗಿರಬಾರದು. ಅತ್ತೆ ಬಾಗಿಲನ್ನೇ ನೋಡುತ್ತ ಕೂತಿದ್ದರು.

ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಎಡೆಯ ಸಾರನ್ನು ನನ್ನ ಗಂಡ ಪ್ರಸಾದವೆಂದು ಬಾಯಿಗಿಟ್ಟುಕೊಂಡರು. ಮುಖ ನೋಡಿದ್ದೇ ನನಗೆ ಗೊತ್ತಾಯಿತು. ನಾನೂ ನೆಕ್ಕಿ ನೋಡಿದೆ. ಒಂದು ಹರಳು ಉಪ್ಪಿರಲಿಲ್ಲ. ಮಾವನಿಗೆಂದು ಮಾಂಸ ಬೇಯಿಸಿ ರೂಢಿಯಾದ ಕೈ ತನ್ನ ಪಾಡಿಗೆ ತಾನು ಸಪ್ಪೆ ಮಾಡಿಬಿಟ್ಟಿತ್ತು.

"ಚೆನ್ನಾಗಿದೆ ಅಮ್ಮ," ಎಂದರು ನನ್ನ ಗಂಡ. ಸುಳ್ಳು ಹೇಳಲು ಬಾರದ ಮನುಷ್ಯ.

ಅತ್ತೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. "ಇವತ್ತೂ ಕೊಡ್ನಿಲ್ವಲ್ಲೇ ನಾನು," ಎಂದವರೇ ಗೋಡೆಗೊರಗಿ ಕೂತುಬಿಟ್ಟರು. ಮಾವ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಾವೇ ಎದ್ದರು. ಉಪ್ಪಿನ ಜಾಡಿಯನ್ನೇ ಎತ್ತಿಕೊಂಡು ಬಂದು, "ಎಲ್ಲಾರೂ ಈಚೆ ನಡೀರಿ," ಎಂದರು.

"ಅಮ್ಮಾ, ಒಳಗೆ ಯಾರೂ ಇರಬಾರ್ದು ಅಂತ ನೀನೇ..."

"ಅದು ನಿಮ್ಗೆ ಕಣೋ. ನನ್ಗಲ್ಲ."

ಬಾಗಿಲು ಹಾಕಿಕೊಂಡರು. ನಾವು ಜಗಲಿಯಲ್ಲಿ ಕಿವಿ ನಿಮಿರಿಸಿ ನಿಂತೆವು. ಒಳಗೆ ಅತ್ತೆಯ ದನಿ, ಮೊದಲು ಮೆಲ್ಲಗೆ, ಆಮೇಲೆ ಬೈಯುವ ಹಾಗೆ, ಆಮೇಲೆ ಮತ್ತೆ ಮೆಲ್ಲಗೆ. ಪದಗಳು ಕೇಳಿಸಲಿಲ್ಲ. ಬಾಗಿಲು ತೆರೆದಾಗ ಅವರ ಕಣ್ಣು ಊದಿದ್ದವು, ಆದರೆ ಮುಖ ಹಗುರಾಗಿತ್ತು.

"ಮಾವ ಏನಾದ್ರೂ ಅಂದ್ರಾ ಅತ್ತೆ?" ನನ್ನ ಬಾಯಿಗೆ ಬುದ್ಧಿ ಬಂದಿದ್ದರೆ ತಾನೆ.

"ನಿಮ್ಮಾವ ಯಾವತ್ತು ಮಾತಾಡೋರು? ಉಣ್ಣಾಕೆ ಕೂತ್ರೆ ಉಪ್ಪು ಸಾಲ್ದು ಅನ್ನೋರು, ಅದೊಂದೇ ಮಾತು," ಎಂದು ಅತ್ತೆ ಜಾಡಿಯ ಮುಚ್ಚಳ ಹಾಕಿದರು. "ಇವತ್ತು ಅದನ್ನೂ ಅನ್ನಲಿಲ್ಲ."