ಪುರಾವೆ ತಂದ ಬಸ್ಸು

ಆಂತರಿಕ ಪರೀಕ್ಷೆ ಮುಗಿದ ಮರುದಿನ ನನ್ನ ಕೋಣೆಯ ಮುಂದೆ ಹುಡುಗ ಹುಡುಗಿಯರ ಸಾಲು ನಿಲ್ಲುತ್ತದೆ. ನಾನು ಶಿರಹಟ್ಟಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು. ಪರೀಕ್ಷೆ ತಪ್ಪಿಸಿಕೊಂಡವರ ಅಹವಾಲು ಕೇಳಿ, ಮರುಪರೀಕ್ಷೆ ಕೊಡಬೇಕೋ ಬೇಡವೋ ಎಂದು ಶಿಫಾರಸು ಮಾಡುವ ಕೆಲಸವೂ ಯಾರಿಗೂ ಬೇಡವಾಗಿ ನನ್ನ ಕೊರಳಿಗೆ ಬಿದ್ದಿದೆ. ಎಲ್ಲರ ಕೈಯಲ್ಲೂ ಜ್ವರದ ಸರ್ಟಿಫಿಕೇಟು. ಅದರಲ್ಲೂ ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲಿ ಉಣ್ಣುವ ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಪರೀಕ್ಷೆ ಬಂದರೆ ಅರ್ಧ ತರಗತಿಗೆ ಒಟ್ಟಿಗೇ ಜ್ವರ ಬರುತ್ತದೆ.

"ಖರೆ ಹೇಳು, ಜ್ವರ ಬಂದಿತ್ತೋ, ಚರಗ ಚೆಲ್ಲಾಕ ಹೋಗಿ ಹೊಲದಾಗ ಹೊಟ್ಟಿ ತುಂಬ ಉಂಡು ಮಲಗಿದ್ದೆಯೋ?" ಎಂದು ಕೇಳುತ್ತೇನೆ. ಮುಂದೆ ನಿಂತವನು ತಲೆ ತಗ್ಗಿಸುತ್ತಾನೆ, ಹಿಂದಿನವರು ಕಿಸಕ್ಕೆಂದು ನಗುತ್ತಾರೆ. ನಾನು ಭಾಳ ಖಡಕ್ ಎಂದು ಅವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದು ನನಗೆ ಗೊತ್ತಿದೆ. ಆಡಿಕೊಳ್ಳಲಿ. ನನಗೆ ಸುಳ್ಳು ಜ್ವರ ಕಂಡರೆ ಆಗುವುದಿಲ್ಲ, ಅಷ್ಟೇ. ಈ ಸಿಟ್ಟು ನನ್ನದಲ್ಲ, ನಮ್ಮಪ್ಪನದು.

ನಮ್ಮೂರು ಮುಂಡರಗಿಯಿಂದಾಚೆ, ಸಿಂಗಟಾಲೂರಿನ ಕಡೆ, ಹೊಳೆಯ ದಂಡೆಗೆ. ನಾನು ಗದಗಿನಲ್ಲಿ ಬಿ.ಎ. ಓದುವಾಗ ಬೆಟಗೇರಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಗೋಡೆಯಾಚೆ ಮಗ್ಗದ ಸದ್ದು, ಈಚೆ ನಾನು ಮತ್ತು ನನ್ನ ಅರ್ಥಶಾಸ್ತ್ರ. ಊಟಕ್ಕೆ ಊರಿನಿಂದ ಬುತ್ತಿ ಬರುತ್ತಿತ್ತು. ಆಗ ನಮ್ಮ ಕಡೆಯ ಓದುವ ಹುಡುಗರ ಹೊಟ್ಟೆ ತುಂಬಿಸುತ್ತಿದ್ದದ್ದು ಸರಕಾರಿ ಬಸ್ಸೇ. ರಾತ್ರಿ ಊರಲ್ಲಿ ತಂಗಿ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಿನ ಇಂಜಿನ್ನಿನ ಪಕ್ಕದಲ್ಲಿ ಬಟ್ಟೆ ಕಟ್ಟಿದ ಡಬ್ಬಿಗಳ ಸಾಲು. ಅವುಗಳನ್ನು ಗದಗ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕೈಗೆ ಕೊಡುತ್ತಿದ್ದವನು ಕಂಡಕ್ಟರ್. ಯಾವ ಡಬ್ಬಿ ಯಾರದೆಂದು ಅವನಿಗೆ ಕೇಳುವ ಅಗತ್ಯವಿರಲಿಲ್ಲ. ಖಾಲಿ ಡಬ್ಬಿ ತೊಳೆಯದೆ ಕೊಟ್ಟರೆ ಬೈಯುತ್ತಿದ್ದ.

ಆ ಬುತ್ತಿಯ ರುಚಿಯಿಂದ ನಮ್ಮ ಮನೆಯ ಸ್ಥಿತಿ ತಿಳಿಯುತ್ತಿತ್ತು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಅಕ್ಕ ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ಅವಳು ಕೂತದ್ದಕ್ಕೆ ನಾನು ಓದಿದೆ. ನನ್ನ ತಲೆ ಬಾಚಿದ್ದು, ಬೈದದ್ದು, ಜ್ವರ ಬಂದಾಗ ಗಂಜಿ ಕುಡಿಸಿದ್ದು ಎಲ್ಲ ಅವಳೇ. ಅವಳು ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋದ ಮೇಲೆ ಬುತ್ತಿ ಕಟ್ಟುವ ಕೆಲಸ ಅಪ್ಪನ ಪಾಲಿಗೆ ಬಂತು. ಒಂದು ಕಡೆ ಕರಕಾದ, ಇನ್ನೊಂದು ಕಡೆ ಹಸಿಯಾಗಿಯೇ ಉಳಿದ ರೊಟ್ಟಿಗಳು ಬರತೊಡಗಿದವು. ನಾನು ಒಂದು ಮಾತೂ ಆಡದೆ ತಿಂದೆ. ಕಡೆಯ ಸೆಮಿಸ್ಟರಿನಲ್ಲಿ ಒಂದು ದಿನ ಡಬ್ಬಿ ತೆಗೆದರೆ ತೆಳ್ಳನೆಯ ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಚಟ್ನಿ, ಮೊಸರು! ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ ಎಂದು ಯಾರೂ ಹೇಳದೆ ತಿಳಿಯಿತು.

ಒಂದು ಭಾನುವಾರ ಊರಿಗೆ ಹೋಗಿದ್ದೆ. ಸೋಮವಾರ ಅರ್ಥಶಾಸ್ತ್ರದ ಆಂತರಿಕ ಪರೀಕ್ಷೆ. ಅದೇ ನನಗೆ ಕಷ್ಟದ ವಿಷಯ. ಆ ಅಂಕ ಕೈತಪ್ಪಿದರೆ ಆ ಪೇಪರ್ ಫೇಲಾಗಿ ಉಳಿಯುವುದು ಖಂಡಿತ. ಪೇಪರ್ ಉಳಿದರೆ ಆ ವರ್ಷ ಬಿ.ಎಡ್. ಕನಸು ಬಿಟ್ಟ ಹಾಗೆ. ಅಕ್ಕ ನನ್ನನ್ನು ಟೀಚರ್ ಮಾಡಿಯೇ ತೀರಬೇಕೆಂದು ಹಟ ಹಿಡಿದಿದ್ದಳು. ಸೋಮವಾರ ಬೆಳಿಗ್ಗೆ ಬಸ್ಸು ಹಾರ್ನ್ ಹಾಕಿತು. ನಾನು ಚೀಲ ಹೆಗಲಿಗೇರಿಸಿಕೊಂಡೆ. ಬುತ್ತಿ ಕೊಡಲು ಬಂದ ಅಕ್ಕ ಹೊಸ್ತಿಲಲ್ಲೇ ಕುಸಿದು ಕೂತಳು. ಇನ್ನೂ ದಿನ ತುಂಬಿರಲಿಲ್ಲ.

ಅಪ್ಪ ಬಸ್ಸಿಗೆ ಅಡ್ಡ ಹೋಗಿ ನಿಂತ. ಕಂಡಕ್ಟರ್ ಇಳಿದು ಬಂದು ಅಕ್ಕನನ್ನು ನೋಡಿದ, ಹಿಂದಿನ ಉದ್ದನೆಯ ಸೀಟಿನಲ್ಲಿ ಕೂತವರನ್ನೆಲ್ಲ ಎಬ್ಬಿಸಿದ. ಮುಂಡರಗಿ ಸಂತೆಗೆ ಬದನೆಕಾಯಿ ಒಯ್ಯುತ್ತಿದ್ದ ನಮ್ಮ ಓಣಿಯ ಒಬ್ಬ ಹೆಂಗಸು ಬುಟ್ಟಿ ಸರಿಸಿ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಅಕ್ಕನ ಕೈ ಹಿಡಿದುಕೊಂಡೆ. ನಡುವೆ ಕೈ ಎತ್ತಿದವರಿಗೆಲ್ಲ ಬಸ್ಸು ನಿಲ್ಲದೆ ಹೋದದ್ದನ್ನು ಅವತ್ತೇ ಮೊದಲು ನೋಡಿದ್ದು. ಮುಂಡರಗಿಯಲ್ಲಿ ಸ್ಟ್ಯಾಂಡಿಗೆ ಹೋಗದೆ ಸೀದಾ ಆಸ್ಪತ್ರೆಯ ಗೇಟಿನ ಮುಂದೆ ನಿಂತಿತು.

"ಏನ ಮಾಡ್ತಿ ತಂಗಿ? ನಿನ್ನ ಪರೀಕ್ಷಾ ಐತೆಲ್ಲ, ಬರ್ತೀಯೇನು?" ಎಂದ ಕಂಡಕ್ಟರ್.

"ಹೋಗಲೇ, ಪರೀಕ್ಷಾ ಬರಿ ಹೋಗು," ಎಂದು ಅಕ್ಕ ನೋವಿನಲ್ಲೇ ಗದರಿಸಿದಳು. ಬಾಯಿ ಹೋಗು ಅನ್ನುತ್ತಿತ್ತು, ಹಿಡಿದ ಕೈ ಮಾತ್ರ ಬಿಡುತ್ತಿರಲಿಲ್ಲ. ಹೆರಿಗೆ ಕೋಣೆಯೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ಬಸ್ಸು ಹೋಯಿತು. ಗದಗಿನಲ್ಲಿ ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ನನ್ನ ಕೈಯಲ್ಲಿ ಒಂದು ಕೆಂಪು ಕೂಸು ಇತ್ತು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಫಲಿತಾಂಶ ನೋಡಿದಾಗಲೂ ಆಗಿಲ್ಲ.

ಸಂತೋಷ ಇಳಿದದ್ದು ಕಾಲೇಜಿನ ನೋಟೀಸ್ ಬೋರ್ಡಿನ ಮುಂದೆ. ಮರುಪರೀಕ್ಷೆಗೆ ಸಕಾರಣಗಳು ಯಾವುವೆಂದು ಅಲ್ಲಿ ಬರೆದಿತ್ತು: ಸ್ವಂತ ಅನಾರೋಗ್ಯ, ತಂದೆ ತಾಯಿಯ ಮರಣ, ಕಾಲೇಜಿನ ಪರವಾಗಿ ಆಟೋಟ, ಶಿಬಿರ. ಕೊನೆಗೆ, ಪ್ರಾಚಾರ್ಯರಿಗೆ ಮನವರಿಕೆಯಾಗುವ ಇತರ ಕಾರಣ. ಎಲ್ಲದಕ್ಕೂ ಪುರಾವೆ ಹಾಜರುಪಡಿಸಬೇಕು. ಸಾವಿಗೆ ಅಲ್ಲಿ ಜಾಗವಿತ್ತು, ಹುಟ್ಟಿಗೆ ಇರಲಿಲ್ಲ. ನಮಗೆ ಅರ್ಥಶಾಸ್ತ್ರ ಹೇಳುತ್ತಿದ್ದ ಮೇಡಂ ಒಳ್ಳೆಯವರು. "ಹೆರಿಗಿ ಗಿರಿಗಿ ಅಂತ ಹೇಳಾಕ ಹೋಗಬ್ಯಾಡ. ಕೊನೀ ಸಾಲು ನಂಬಿದವರಿಗೆ ಯಾರಿಗೂ ಇಲ್ಲಿತನಕ ಮರುಪರೀಕ್ಷಾ ಸಿಕ್ಕಿಲ್ಲ. ನಿನಗ ಜ್ವರ ಬಂದಿತ್ತು ಅಂತ ಒಂದು ಸರ್ಟಿಫಿಕೇಟ್ ತಂದುಬಿಡು, ಮುಗೀತು," ಎಂದರು. ಎಲ್ಲರೂ ಹಾಗೇ ಮಾಡುತ್ತಿದ್ದರು.

ಊರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದೆ. ಜ್ವರದ ಮಾತು ಕೇಳಿದ್ದೇ ತಡ ಅಪ್ಪ ಉರಿದುಬಿದ್ದ.

"ಗಟ್ಟಿಮುಟ್ಟ ಇರೋ ಹುಡಿಗಿಗೆ ಜ್ವರ ಯಾಕ ಬರಸೂದು? ಬಾಯಾಗ ಅಂಥಾ ಮಾತ ಬರಬಾರದು. ಮನ್ಯಾಗ ಕೂಸ ಹುಟ್ಟೈತಿ, ಬ್ಯಾನಿ ಅಂತ ಹೇಳ್ತಾರೇನು?"

"ಮತ್ತ ಪುರಾವಿ ತರಬೇಕಂತಪ್ಪಾ."

"ಪುರಾವಿನ? ಅಷ್ಟ ಹೌದಿಲ್ಲೋ? ನಾ ತರ್ತೀನಿ ಬಿಡು."

ಆಸ್ಪತ್ರೆಯ ಚೀಟಿ ತರುತ್ತಾನೆಂದು ನಾನು ತಿಳಿದೆ. ತಪ್ಪು ತಿಳಿದೆ. ಅಪ್ಪ ಊರಿನ ಜಗಳ ಬಗೆಹರಿಸಲು ಕೂರುವ ಹಿರಿಯರಲ್ಲಿ ಒಬ್ಬ. ಅಲ್ಲಿ ಪುರಾವೆ ಅಂದರೆ ಕಾಗದವಲ್ಲ. ಕಂಡವರು ಬಂದು, ಎದುರು ನಿಂತು, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಮರುದಿನ ಬುತ್ತಿ ಇಸಿದುಕೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದರೆ ಬಸ್ಸಿನಿಂದ ಮೊದಲು ಅಪ್ಪ ಇಳಿದ. ಹಿಂದೆ ಬದನೆಕಾಯಿಯ ಹೆಂಗಸು, ಖಾಕಿ ಅಂಗಿಯ ಕಂಡಕ್ಟರ್, ಕೊನೆಗೆ ಲಕ್ಷ್ಮೇಶ್ವರದ ನಮ್ಮ ಭಾವ, ಕೈಯಲ್ಲಿ ಎಣ್ಣೆ ಜಿನುಗುವ ಒಂದು ಪೊಟ್ಟಣ ಹಿಡಿದುಕೊಂಡು. ನನಗೆ ನಾಚಿಕೆಯಿಂದ ಅಲ್ಲೇ ಎಲ್ಲಾದರೂ ಅಡಗಿಕೊಳ್ಳಬೇಕೆನ್ನಿಸಿತು.

ಪ್ರಿನ್ಸಿಪಾಲರು ಗಂಭೀರ ಮನುಷ್ಯ. ನಗುವುದನ್ನು ನಾವು ಯಾರೂ ಕಂಡಿರಲಿಲ್ಲ. ಇಷ್ಟು ಜನ ಒಳಗೆ ನುಗ್ಗಿದ್ದನ್ನು ನೋಡಿ ಕನ್ನಡಕ ತೆಗೆದರು. ಭಾವ ಮೊದಲು ಪೊಟ್ಟಣವನ್ನು ಅವರ ಮೇಜಿನ ಮೇಲೆ ಇಟ್ಟುಬಿಟ್ಟ.

"ಏನಿದು? ಇಂಥಾದ್ದೆಲ್ಲ ಇಲ್ಲಿ ನಡಿಯೂದಿಲ್ಲ, ಮೊದಲು ತಗೀರಿ," ಎಂದು ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

"ಜಿಲೇಬಿರಿ ಸಾಹೇಬ್ರ. ಹೆಣ್ಣ ಹುಟ್ಯಾಳ್ರಿ," ಎಂದ ಭಾವ. ಗಂಡಾದರೆ ಪೇಢೆ, ಹೆಣ್ಣಾದರೆ ಜಿಲೇಬಿ ಹಂಚುವುದು ನಮ್ಮ ಕಡೆಯ ರೂಢಿ. ಹೆಣ್ಣು ಹುಟ್ಟಿದ್ದಕ್ಕೆ ಅಷ್ಟು ದೂರ ಜಿಲೇಬಿ ಹೊತ್ತು ತಂದ ಆ ಮನುಷ್ಯನ ಮೇಲೆ ನನಗೆ ಆವತ್ತಿನಿಂದ ಇರುವ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ.

ಆಮೇಲೆ ಸಾಕ್ಷಿ ಶುರುವಾಯಿತು. ಕಂಡಕ್ಟರನಿಗೆ ಅವಸರ. "ನನ್ನ ಜಲ್ದಿ ಕೇಳಿಬಿಡ್ರಿ ಸರ, ಗಾಡಿ ಸ್ಟ್ಯಾಂಡಿನಾಗ ಐತಿ. ಈ ತಂಗಿ ಗದಗಕ್ಕ ಅಂತನ ಹತ್ತಿದ್ದಳ್ರಿ. ಮುಂಡರಗ್ಯಾಗ ಕರದ್ರೂ ಬರಲಿಲ್ಲ. ಆವತ್ತ ಈಕಿ ಬುತ್ತಿ ಗಾಡ್ಯಾಗನ ಉಳದಿತ್ತು, ನಾನ ಉಂಡೀನ್ರಿ." ಬದನೆಕಾಯಿಯ ಹೆಂಗಸು ಬಸ್ಸಿನಲ್ಲಿ ಕಂಡ ಹೆರಿಗೆ ನೋವಿನ ವಿವರಕ್ಕೇ ಕೈಹಾಕಿದಳು. ಪ್ರಿನ್ಸಿಪಾಲರು ಗಾಬರಿಯಾಗಿ, "ಸಾಕ್ರಿ, ಸಾಕ್ರಿ, ನಂಬಿದೆ," ಎಂದು ಕೈ ಮುಗಿದರು.

ಅವರು ನಿಯಮದ ಹಾಳೆ ತೆಗೆದು ಓದಿದರು. "ನೀವು ಹೇಳೂದು ಖರೆ ಅದ. ಆದರ ಅಕ್ಕನ ಹೆರಿಗಿ ಇದರಾಗ ಇಲ್ಲ. ತಂದಿ, ತಾಯಿ ಅಂತಷ್ಟ ಅದ. ಈಕಿ ಬರೇ ತಂಗಿ. ಮನ್ಯಾಗ ಬ್ಯಾರೆ ಯಾರೂ ದೊಡ್ಡವರು ಹೆಣ್ಣುಮಕ್ಕಳು ಇರಲಿಲ್ಲೇನು?"

ಅಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಅವನ ದನಿ ಸಣ್ಣದಾದದ್ದನ್ನು ನಾನು ಆಗ ಮೊದಲು ಕೇಳಿದೆ.

"ಇಲ್ಲರಿ ಸಾಹೇಬ್ರ. ಇವರವ್ವ ಹೋಗಿ ಭಾಳ ವರ್ಷ ಆತು. ಅಲ್ಲಿಂದ ಆ ದೊಡ್ಡಾಕಿನ ಈಕಿಗೆ ಅವ್ವ ಆಗಿದ್ಲು. ಆ ದಿನದ ಮಟ್ಟಿಗೆ ಈಕೀನ ಅವ್ವರಿ."

ಪ್ರಿನ್ಸಿಪಾಲರು ಹಾಳೆಯನ್ನೇ ನೋಡುತ್ತ ಕೂತರು. ಜಿಲೇಬಿಯ ಎಣ್ಣೆ ಅದರ ಅಂಚಿಗೆ ಹತ್ತಿತ್ತು. ಆಮೇಲೆ ಪೊಟ್ಟಣ ಬಿಚ್ಚಿ ಒಂದು ಜಿಲೇಬಿ ಮುರಿದು ಬಾಯಿಗೆ ಹಾಕಿಕೊಂಡರು. "ಕೊನೀ ಸಾಲು ಹೆಂಗೂ ಖಾಲಿನ ಬಿದ್ದದ. ಶನಿವಾರ ಮಧ್ಯಾಹ್ನ ಬಾ. ಪ್ರಶ್ನೆ ಬ್ಯಾರೆ ಇರತಾವ, ಸರಳ ಇರೂದಿಲ್ಲ ಮತ್ತ," ಎಂದು ನನ್ನ ಕಡೆ ನೋಡಿದರು. ಕಂಡಕ್ಟರ್ ಓಡಿದ.

ಶನಿವಾರ ದೊಡ್ಡ ಕೋಣೆಯಲ್ಲಿ ಒಬ್ಬಳೇ ಕೂತು ಬರೆದೆ. ಪ್ರಶ್ನೆಗಳು ನಿಜಕ್ಕೂ ಸರಳ ಇರಲಿಲ್ಲ. ಬರೆದು ಬಂದು ಬುತ್ತಿ ಬಿಚ್ಚಿದರೆ ರೊಟ್ಟಿಯ ಮೇಲೆ ಅಂಟಿನ ಉಂಡೆ. ಬಾಣಂತಿಗೆಂದು ಕಟ್ಟಿದ್ದು, ತನ್ನ ಪಾಲಿನದನ್ನು ಅಕ್ಕ ನನಗೆ ಕಳಿಸಿದ್ದಳು. ಹೆತ್ತವಳು ಅವಳು, ಆರೈಕೆ ನನಗೆ. ಆ ಕೋಣೆ, ಮಗ್ಗದ ಸದ್ದು, ಬಾಯಲ್ಲಿ ತುಪ್ಪ ಬೆಲ್ಲ ಅಂಟು ಕರಗಿದ್ದು, ಇವುಗಳಿಗಾಗಿ ಇಂದಿಗೂ ನನ್ನ ಜೀವ ಹಂಬಲಿಸುತ್ತದೆ. ಈಗ ಓದುವ ಹುಡುಗರಿಗೆ ಬುತ್ತಿ ಬರುವುದು ಕಡಿಮೆ. ಹಾಸ್ಟೆಲು, ಖಾನಾವಳಿ ಇವೆ. ಪಾಪ, ಅವರ ಡಬ್ಬಿ ತೊಳೆದಿಲ್ಲವೆಂದು ಬೈಯುವವರೂ ಇಲ್ಲ.

ಪಾಸಾದೆ. ಬಿ.ಎಡ್. ಆಯಿತು, ಎಂ.ಎ. ಆಯಿತು, ಶಿರಹಟ್ಟಿಗೆ ಬಂದೆ. ಆವತ್ತು ಹುಟ್ಟಿದ ಕೂಸು ಬೆಳೆದು ಈಗ ಗದಗಿನಲ್ಲೇ ಡಿಗ್ರಿ ಓದುತ್ತಿದ್ದಾಳೆ.

ಮೊನ್ನೆ ಗದಗಿನ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶದ ಆಪರೇಶನ್ ಆಯಿತು. ಮರುದಿನ ಪೂರ್ತಿ ಎಚ್ಚರವಾದಾಗ ಪಕ್ಕದಲ್ಲಿ ಅವಳು ಕೂತಿದ್ದಳು. ಹಿಂದಿನ ದಿನದಿಂದಲೂ ಅವಳೇ ಇದ್ದಳಂತೆ. ಅಕ್ಕ ಜ್ವರ ಬಂದು ಲಕ್ಷ್ಮೇಶ್ವರದಲ್ಲಿ ಮಲಗಿದ್ದಳು, ಇದು ಖರೆ ಜ್ವರ. ನನಗೆ ಥಟ್ಟನೆ ನೆನಪಾಯಿತು.

"ನಿನ್ನ ಇಂಟರ್ನಲ್ ಇತ್ತಲ್ಲ ಇವತ್ತ?"

"ಇತ್ತು ಚಿಗವ್ವ."

ನಾನು ಮಲಗಿದಲ್ಲಿಂದಲೇ ರೇಗಿದೆ. "ತಲಿ ಐತಿಲ್ಲೋ ನಿಂಗ? ಈಗ ಏನ ಕಾರಣ ಹೇಳ್ತಿ? ಚಿಗವ್ವನ ಆಪರೇಶನ್ ಯಾವ ನಿಯಮದಾಗ ಬರತೈತಿ? ನಾನ ಎಷ್ಟ ಹುಡುಗೂರ್ನ ಹಂಗ ಹೇಳಿ ಹೊಳ್ಳಿ ಕಳಿಸೀನಿ ಗೊತ್ತೈತೇನು?"

"ಗೊತ್ತೈತಿ. ಫೋನ್ ಮಾಡಿದ್ನಿ, ನಮ್ಮ ಪ್ರಿನ್ಸಿಪಾಲರೂ ಅದನ್ನ ಅಂದ್ರು. ಪುರಾವಿ ತಗೊಂಡ ಬಾ, ಆಮ್ಯಾಲ ನೋಡೂಣು ಅಂದಾರ."

"ಏನ ತರ್ತಿ?"

ಅವಳು ಉತ್ತರ ಹೇಳುವ ಮೊದಲೇ ಬಾಗಿಲಲ್ಲಿ ಅಪ್ಪ ನಿಂತಿದ್ದ. ಈಗ ಅವನ ಬೆನ್ನು ಬಾಗಿದೆ, ಕಿವಿ ಮಂದ. ಒಗೆದ ಧೋತರ, ತಲೆಗೆ ರುಮಾಲು, ಊರಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದಾನೆ. ನನ್ನ ಹಣೆ ಮುಟ್ಟಿ ನೋಡಿದ. ಆಮೇಲೆ ಮೊಮ್ಮಗಳನ್ನು ಕೇಳಿದ, "ಎಷ್ಟ ಗಂಟೇಕ ಹೋಗೂದವ್ವ ಕಾಲೇಜಿಗೆ? ಆ ಕಂಡಕ್ಟರ ರಿಟೈರ್ ಆಗಿ ಮಗನ ಊರಿಗೆ ಹೋಗ್ಯಾನ. ನಾ ಒಬ್ಬನ ಬಂದೀನಿ. ಸಾಲತೈತಿಲ್ಲೋ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಪ್ಪಾ, ಹುಡಿಗಿ ಪೇಷಂಟಿಗೆ ಏನಾಗಬೇಕು ಅಂತ ಕೇಳ್ತಾರ. ಏನಂತಿ?"

"ಹಿಂದ ಏನ ಅಂದಿದ್ನಿ, ಅದನ್ನ," ಎಂದ ಅಪ್ಪ, ಅವಳ ಕಡೆ ಕೈ ತೋರಿಸಿ. "ಈ ದಿನದ ಮಟ್ಟಿಗೆ ಈಕೀನ ಅವ್ವರಿ ಅಂತೀನಿ."

ಹುಡುಗಿ ಗಂಜಿಯ ಬಟ್ಟಲು ಎತ್ತಿಕೊಂಡು ನನ್ನ ಬಾಯಿಯ ಹತ್ತಿರ ಚಮಚ ತಂದಳು. "ಕೇಳಿದೆಲ್ಲ? ಸುಮ್ನ ಬಾಯಿ ತಗಿ ಮತ್ತ," ಎಂದು ಗದರಿಸಿದಳು. ದನಿ ಥೇಟ್ ಅಕ್ಕನದೇ. ನಾನು ಬಾಯಿ ತೆರೆದೆ. ಕಣ್ಣೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಹೊಟ್ಟೆಯ ಹೊಲಿಗೆ ನೋಯುತ್ತಿತ್ತು, ಆದರೂ ನಗು ತಡೆಯಲಾಗಲಿಲ್ಲ.