ಕ್ಯಾಲೆಂಡರಿನ ಕುಂಕುಮದ ಚುಕ್ಕೆಗಳು

ಆ ಭಾನುವಾರ ಕಮಲಾಪುರದಲ್ಲಿ ನಾನು ಹೇಳಿದ್ದು ಎಷ್ಟು, ಬಿಟ್ಟಿದ್ದು ಎಷ್ಟು ಎಂಬುದು ನನಗೆ ಖಚಿತವಿಲ್ಲ. ಅಕ್ಕನ ಗಂಡ ಮೊದಲೇ ತೀರ್ಮಾನಿಸಿದ್ದಕ್ಕೆ ಸುಮ್ಮನೆ ತಲೆಯಾಡಿಸಿದೆನೋ, ಆ ತೀರ್ಮಾನವನ್ನು ನಾನೇ ಅವರ ಕೈಗೆ ಕೊಟ್ಟೆನೋ ತಿಳಿಯದು. ನಾನು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಓದಿ, ಅದನ್ನೇ ಕಲಿಸುತ್ತಿರುವವನು. ಯಾರ ಮಾತನ್ನೂ ಪುರಾವೆಯಿಲ್ಲದೆ ಒಪ್ಪುವುದಿಲ್ಲ ಎಂಬ ಹೆಮ್ಮೆ ಇತ್ತು. ಈಗ ನನ್ನ ನೆನಪಿನ ಮೇಲೂ ಅದೇ ಅನುಮಾನ.

ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರದು ಹಿಟ್ಟಿನ ಗಿರಣಿ. ಬೀಳುವ ಜೋಳದ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ ಬೀಸುವ ಕಲ್ಲು ಬಿಗಿ ಮಾಡುತ್ತಿದ್ದರು. ಬೆರಳಿಗೆ ತಿಳಿಯದ್ದನ್ನು ನಂಬುವವರಲ್ಲ. ಹೀಗಾಗಿ ಬಿ.ಪಿ. ಹೆಚ್ಚಿದೆ, ದಿನಾ ಗುಳಿಗೆ ನುಂಗಬೇಕು ಎಂದು ಡಾಕ್ಟರು ಹೇಳಿದಾಗ ಅವರಿಗೆ ಸಿಟ್ಟೇ ಬಂದಿತ್ತು. ಅಕ್ಕ ಬಿಡಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ತಾನೇ ನಿಂತು ಗುಳಿಗೆ ನುಂಗಿಸಿ, ಬೆರಳಲ್ಲಿ ಉಳಿದ ಕುಂಕುಮದಿಂದ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಚುಕ್ಕೆ ಇಡುತ್ತಿದ್ದಳು.

ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಯಿಂದ ನಾನು ಹೋದ ಆ ಭಾನುವಾರ ಪಥ್ಯವೆಲ್ಲ ರದ್ದು. ತಮ್ಮ ಬಂದಿದ್ದಾನೆಂದು ಶೇಂಗಾ ಹಿಂಡಿ, ಕರಿದ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಮಾಮಾ ಮಜ್ಜಿಗೆಯ ರುಚಿ ನೋಡುವ ಮೊದಲೇ ಉಪ್ಪಿಗೆ ಕೈ ಚಾಚಿದರು.

“ಸಾಕು ಬಿಡ್ರಿ, ಡಾಕ್ಟರ್ ಏನು ಹೇಳ್ಯಾರ?” ಅಕ್ಕ ಡಬ್ಬಿ ಎಳೆದುಕೊಂಡಳು.

“ತೋಳಿಗೆ ಪಟ್ಟಿ ಕಟ್ಟಿ ಒಂದು ನಂಬರ್ ಹೇಳ್ಯಾನ, ಅಷ್ಟೇ. ನನಗ ತಲಿ ನೋಯಂಗಿಲ್ಲ, ಕಣ್ಣಿಗೆ ಕತ್ತಲಿ ಬರಂಗಿಲ್ಲ. ಜೋಳದ ಚೀಲ ಒಬ್ಬನೇ ಎತ್ತತೀನಿ. ಪ್ರೊಫೆಸರ್ ಸಾಹೇಬ್ರ, ನೀವರೇ ಹೇಳ್ರಿ, ನಂಬರಿನ ಪಂಡಿತ್ರು.”

“ಒಂದು ಸಲ ಅಳದದ್ದಕ್ಕ ಏನೂ ಅರ್ಥ ಇಲ್ಲ ಮಾಮಾ. ದವಾಖಾನಿ ನೋಡಿದ್ರನೇ ಮಂದಿಗೆ ಬಿ.ಪಿ. ಏರ್ತದ.”

“ಕೇಳಿದ್ಯಾ? ನಿನ್ನ ತಮ್ಮ ಓದಿದವ!”

“ಓದಿದವಗ ಗಿರಣಿ ಚಾಲೂ ಮಾಡಾಕ ಬರ್ತದೇನು ಕೇಳ್ರಿ,” ಎಂದಳು ಅಕ್ಕ.

ಮೂವರೂ ನಕ್ಕೆವು. ಊಟದ ಮೇಲೆ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ ಮಾಮಾನ ಫೋಟೊವನ್ನು ಫೋನಿನಲ್ಲಿ ತೆಗೆದೆ.

ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಆಸ್ಪತ್ರೆಯ ಗಾಬರಿಗೆ ರಕ್ತದೊತ್ತಡ ಏರುವುದುಂಟು. ಮನೆಯಲ್ಲೂ ನಾಲ್ಕು ದಿನ ಅಳೆಸಿ ನೋಡಿ, ಡಾಕ್ಟರನ್ನು ಕೇಳದೆ ಗುಳಿಗೆ ಮಾತ್ರ ಬಿಡಬೇಡಿ ಎನ್ನಬೇಕಿತ್ತು. ಎಂದೆನೇ? ಎಂದಂತೆ ಒಮ್ಮೊಮ್ಮೆ ನೆನಪಾಗುತ್ತದೆ. ಆ ನೆನಪು ನನಗೆ ತೀರಾ ಅನುಕೂಲದ್ದು, ಆದ್ದರಿಂದ ನಂಬುವುದಿಲ್ಲ. ಬಿ.ಪಿ. ನೋವೇ ಕೊಡದೆ ಒಳಗೆ ಕೆಡಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಹೊತ್ತಿಗೆ ಮಾಮಾ ಮೆಚ್ಚಿದ್ದೇ ಸಾಕೆನಿಸಿತ್ತು.

ಚಳಿ ಕಳೆಯುವ ಹೊತ್ತಿಗೆ, ಗಿರಣಿಯಲ್ಲಿ ಚೀಲ ಎತ್ತುವಾಗ ಮಾಮಾಗೆ ಎದೆ ಬಿಗಿಯಿತು, ದವಡೆ ನೋಯತೊಡಗಿತು. ವಾಯು ಇರಬೇಕೆಂದು ಸೋಡಾ ಕುಡಿದು ಒಂದು ತಾಸು ಕೂತರು. ಕಲಬುರಗಿಯ ಆಸ್ಪತ್ರೆಗೆ ತರುವಷ್ಟರಲ್ಲಿ ಹೃದಯದ ಒಂದಿಷ್ಟು ಭಾಗ ಸತ್ತುಹೋಗಿತ್ತು. ಜೀವ ಉಳಿಯಿತು. ಗುಳಿಗೆ ನಿಂತಿತ್ತೆಂದು ನನಗೆ ಗೊತ್ತಾದದ್ದು ಅಲ್ಲಿಯೇ.

“ಯಾವಾಗ ಬಿಟ್ರಿ?” ಎಂದು ಡಾಕ್ಟರು ಕೇಳಿದಾಗ ಅಕ್ಕ “ನೆನಪಿಲ್ಲರೀ” ಎಂದಳು. ನನ್ನತ್ತ ನೋಡಲಿಲ್ಲ.

ಈಗ ಮಾಮಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಗಿರಣಿ ನಡೆಸುವವಳು ಅಕ್ಕ. ಹತ್ತು ಹೆಜ್ಜೆ ನಡೆದರೆ ಮಾಮಾಗೆ ಏದುಸಿರು. ಆದರೂ ನಾನು ಹೋದಾಗಲೆಲ್ಲ “ಬರ್ರಿ ಪ್ರೊಫೆಸರ್ ಸಾಹೇಬ್ರ” ಎನ್ನುತ್ತಾರೆ, ಹಳೆಯ ದನಿಯಲ್ಲೇ. ಅದರಲ್ಲಿ ಮುಳ್ಳು ಇದೆಯೇ ಎಂದು ಹುಡುಕುತ್ತೇನೆ, ಸಿಗುವುದಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು.

ನಾನು ಹೋಗುವ ಮುಂಚೆಯೇ ಅವರು ಗುಳಿಗೆ ಬಿಟ್ಟಿರಬೇಕು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕಳೆದ ತಿಂಗಳು ತಡೆಯಲಾಗದೆ ಅಕ್ಕನನ್ನು ಕೇಳಿದೆ, ಹಳೆಯ ಕ್ಯಾಲೆಂಡರ್ ಇದೆಯೇ ಎಂದು.

“ದೇವರ ಚಿತ್ರ ಅದ, ಹೆಂಗ ಒಗೀಲಿ? ಯಾಕ ತಮ್ಮಾ?”

“ಸುಮ್ಮನ.”

ಅವಳು ಕಪಾಟಿನಿಂದ ತೆಗೆದುಕೊಟ್ಟು ಗಿರಣಿಗೆ ಹೋದಳು. ಬಾಳೆಹಣ್ಣಿನ ಫೋಟೊದ ತಾರೀಖು ತೆಗೆದು, ಫೋನನ್ನು ಆ ತಿಂಗಳ ಹಾಳೆಯ ಪಕ್ಕ ಇಟ್ಟು ನೋಡಿದೆ. ನಾನು ಹೋದ ಭಾನುವಾರದವರೆಗೆ ಒಂದು ದಿನವೂ ತಪ್ಪದೆ ಕುಂಕುಮದ ಚುಕ್ಕೆ ಇದೆ. ಸೋಮವಾರದಿಂದ ಇಲ್ಲ.