ಮೆಣಸಿನಕಾಯಿ ಟೆಂಪೋದಲ್ಲಿ ಗುರುಗಳ ಸವಾರಿ

ಎಂಬತ್ತರ ದಶಕದ ಕೊನೆಗೆ ಅಪ್ಪನಿಗೆ ಗಾಲಿಯ ಮೇಲೆ ಮನೆ ಕಟ್ಟುವ ಹುಚ್ಚು ಹಿಡಿಯಿತು. ನೆಲದ ಮೇಲೆ ಕಟ್ಟಿದ ಮನೆಯ ಮಾಳಿಗೆ ಸೋರುತ್ತಿತ್ತು, ಅದು ಬೇರೆ ವಿಷಯ. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಗೆ ಹತ್ತು ವರ್ಷ ಚೀಲ ಹೊತ್ತು ಸುಸ್ತಾಗಿದ್ದ ಟೆಂಪೋಗೆ ತಗಡಿನ ಮಾಡು, ಎರಡು ಕಿಟಕಿ, ಹಲಗೆಯ ಮಂಚ, ಸೀಮೆಎಣ್ಣೆ ಸ್ಟೋವ್ ಮತ್ತು ಹೂವಿನ ಪರದೆ ಹಾಕಿಸಿದ. ಫಾರಿನ್ನಿನಲ್ಲಿ ಜನ ಹೀಗೆಯೇ ಊರೂರು ಸುತ್ತುತ್ತಾರೆಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದನಂತೆ. ಅವರ ಗಾಡಿಯಲ್ಲಿ ಕಕ್ಕಸು ಕೂಡ ಇರುತ್ತದೆ ಎಂಬ ಸಾಲಿಗೆ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿರಬೇಕು.

ಮೊದಲ ಸವಾರಿಗೆ ಅವ್ವ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸಂಜೆ ನಾಲ್ಕಕ್ಕೆ ಹಾವೇರಿಯಲ್ಲಿರಬೇಕು. ಮದುವೆಗೆ ಮುಂಚೆ ಆರು ವರ್ಷ ಅವಳಿಗೆ ಸಂಗೀತ ಕಲಿಸಿದ ಗುರುಗಳು ಅಂದು ಅಲ್ಲಿಯ ಶಾಲೆಯೊಂದರ ಹಾಲ್‌ನಲ್ಲಿ ಹಾಡುವವರಿದ್ದರು. ವಯಸ್ಸಾಯಿತು, ಇದೇ ಕೊನೆ, ಇನ್ನು ಪರವೂರಿಗೆ ಹೋಗಿ ಹಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಅವ್ವ ಅವರ ಹಾಡು ಕೇಳಿ ಹದಿನಾಲ್ಕು ವರ್ಷವಾಗಿತ್ತು. ಅವಳ ತಂಬೂರಿ ನಮ್ಮ ಮನೆಯ ಅಟ್ಟದ ಮೇಲಿತ್ತು. ಅವಳ ಹಾಡು ರೊಟ್ಟಿ ಬಡಿಯುವ ಸದ್ದಿನಲ್ಲಿ ಮುಚ್ಚಿಹೋಗಿತ್ತು.

"ಇದೊಂದು ತಪ್ಪಿಸಬ್ಯಾಡ್ರಿ," ಅಂದಳು.

"ಮೂರಕ್ಕ ಹಾವೇರ್ಯಾಗ ಇರ್ತೇವಿ. ಮೊದಲ್ನೇ ಸಾಲಿನ್ಯಾಗ ಕುಂದ್ರಸ್ತೇನಿ ನಿನ್ನ," ಅಂದ ಅಪ್ಪ.

ಹೊರಡುವ ಮುಂಚೆ ಮಂಚದ ಕೆಳಗೆ ಎರಡು ಚೀಲ ಮೆಣಸಿನಕಾಯಿ ತುರುಕಿದ. ಖಾಲಿ ಗಾಡಿ ಓಡಿಸುವುದೆಂದರೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ವಿಹಾರವೇ ಇರಲಿ, ಮದುವೆ ದಿಬ್ಬಣವೇ ಇರಲಿ, ಹೋಗುವ ಊರಿನ ಅಂಗಡಿಗೆ ಒಂದೆರಡು ಚೀಲ ಹೋಗಲೇಬೇಕು. ನಮಗೂ ಅದು ವಿಚಿತ್ರವೆನಿಸಲಿಲ್ಲ. ಮೆಣಸಿನಕಾಯಿಯ ಘಾಟು ನಮ್ಮ ಊರಿನವರ ಮೂಗಿಗೆ ಗೊತ್ತೇ ಆಗುವುದಿಲ್ಲ. ಬೇರೆ ಊರಿನ ನೆಂಟರು ಬಂದು ಸೀನತೊಡಗಿದರೆ, ಪಾಪ, ನೆಗಡಿಯಾಗಿದೆ ಎಂದು ಕಷಾಯ ಕಾಸಿ ಕೊಡುತ್ತಿದ್ದೆವು.

ಮೊದಲು ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡು. ಅಪ್ಪ ಅದರ ಅಂಚಿನಲ್ಲಿ ಟೆಂಪೋ ನಿಲ್ಲಿಸಿ ಹಾರ್ನ್ ಹೊಡೆದ, ಕರೆದರೆ ಬರಲು ಅವು ಗಿರಾಕಿಗಳೆಂಬಂತೆ. ಒಂದು ಗಂಟೆ ಕಾದೆವು. ಕಂಡದ್ದು ನಾಲ್ಕು ಆಡು ಮತ್ತು ಅವುಗಳನ್ನು ಕಾಯುವ ಮುದುಕ. "ಹಾರ್ನ್ ಹೊಡದ್ರ ಅವು ಹ್ಯಾಂಗ ಬರ್ತಾವ್ರೀ?" ಎಂದು ಮುದುಕ ಕೇಳಿದ. ಆದರೂ ದೂರದ ಪೊದೆಯ ಹಿಂದೆ ಒಂದರ ಬಾಲ ಕಂಡೆನೆಂದು ಅಪ್ಪ ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದ.

ಊಟ ಮೇಡ್ಲೇರಿಯ ಹೊಳೆದಂಡೆಯಲ್ಲಿ. ಮನೆಯೆಂದ ಮೇಲೆ ಒಲೆ ಉರಿಯಬೇಕೆಂದು ಅಪ್ಪ ಚಹಾ ಮಾಡಲು ಕುಳಿತ. ಹೊಳೆಯ ಗಾಳಿಗೆ ಸ್ಟೋವ್ ಏಳು ಸಲ ಆರಿತು. ಅವ್ವ ನಸುಕಿನಲ್ಲೇ ಕಟ್ಟಿಕೊಂಡಿದ್ದ ಬುತ್ತಿ ಬಿಚ್ಚಿದಳು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಗಾಲಿಯ ಮೇಲಿನ ಅಡುಗೆಮನೆಯ ಮಾನ ಉಳಿಸಿದ್ದು ನೆಲದ ಮೇಲಿನ ಅಡುಗೆಮನೆ. ಊಟದ ಉದ್ದಕ್ಕೂ ಅವಳ ಕಣ್ಣು ಅಪ್ಪನ ಕೈಗಡಿಯಾರದ ಮೇಲಿತ್ತು.

ಆಶ್ಚರ್ಯವೆಂದರೆ ಮೂರಕ್ಕೇ ಹಾವೇರಿ ಮುಟ್ಟಿದೆವು. ಹಾಲ್ ಮುಂದೆ ಸಂಘಟಕರು ತಲೆ ಕೆರೆದುಕೊಳ್ಳುತ್ತ ನಿಂತಿದ್ದರು. ಗುರುಗಳನ್ನು ಸ್ಟೇಷನ್ನಿನಿಂದ ಕರೆತರಬೇಕಾದ ಕಾರು ಬಂದಿರಲಿಲ್ಲ. ಅಪ್ಪನ ಎದೆ ಉಬ್ಬಿತು.

"ಕಾರ್ ಯಾಕ್ರೀ? ನಾ ಮನೀನ ತಂದೇನಿ!"

ಸ್ಟೇಷನ್ನಿನಲ್ಲಿ ಗುರುಗಳು ಅವ್ವನನ್ನು ನೋಡಿದ ಕೂಡಲೇ ಗುರುತಿಸಿದರು. "ಹಾಡೋದು ಬಿಟ್ಟಿಲ್ಲ ಹೌದಲ್ಲವ್ವಾ?" ಅಂದರು. ಅವ್ವ ಕಾಲಿಗೆ ಬಿದ್ದಳು. ಮಂಚದ ಮೇಲೆ ದಪ್ಪ ಗಾದಿ ಹಾಸಿ ಅವರನ್ನು ಕೂರಿಸಿದೆವು. ಹಾಡುವ ಗಂಟಲಿಗೆ ರಸ್ತೆಯ ಧೂಳು ತಾಗಬಾರದೆಂದು ಅವ್ವ ತಾನೇ ಎರಡೂ ಕಿಟಕಿ ಮುಚ್ಚಿ ಪರದೆ ಎಳೆದಳು. ಚೀಲಗಳ ನೆನಪು ಯಾರಿಗೂ ಆಗಲಿಲ್ಲ. ಅಪ್ಪ ಗುರುಗಳಿಗೆ ಊರು ತೋರಿಸುತ್ತೇನೆಂದು ಹಳೆಯ ಗುಡಿಯ ಕಡೆಗೆ ಸುತ್ತು ಹಾಕಿಸಿದ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಊರು ತೋರಿಸುವುದು ಅವನೊಬ್ಬನಿಗೇ ಸಾಧ್ಯ. ಪ್ರತಿ ತಗ್ಗಿಗೂ ಮಂಚ ಚೀಲಗಳ ಮೇಲೆ ಕುಕ್ಕುತ್ತಿತ್ತು.

ಗುರುಗಳು ಕೆಮ್ಮತೊಡಗಿದರು.

"ರೈಲಿನ ಗಾಳಿ ಬಡದಿರಬೇಕ್ರಿ," ಎಂದು ಅಪ್ಪ ಮುಂದಿನಿಂದಲೇ ರೋಗ ಹೇಳಿದ. ಅವ್ವ ಶುಂಠಿ ಚೂರು ಕೊಟ್ಟಳು, ಪರದೆಯನ್ನು ಇನ್ನಷ್ಟು ಬಿಗಿಯಾಗಿ ಎಳೆದಳು.

ಹಾಲ್ ಮುಂದೆ ಬಾಗಿಲು ತೆರೆದಾಗ ಅವರ ಕಣ್ಣು, ಮೂಗು ನಮ್ಮ ಕಾಯಿಯ ಬಣ್ಣಕ್ಕೆ ತಿರುಗಿದ್ದವು. ಸಂಘಟಕನೊಬ್ಬ ಒಳಗೆ ತಲೆ ಹಾಕಿ ಮೂರು ಸಲ ಸೀನಿದ. "ಇದೇನ್ರಿ, ಮೆಣಸಿನಕಾಯಿ ಗೋದಾಮಿನ್ಯಾಗ ಕುಂದ್ರಿಸಿ ತಂದೀರಿ ಇವ್ರನ್ನ?" ಅಂದ. ಅವ್ವನ ಕೈ ಹಣೆಗೆ ಹೋಯಿತು. ಅಪ್ಪ ಮಾತ್ರ ವ್ಯಾಪಾರಕ್ಕೆ ನಿಂತ: "ಬ್ಯಾಡಗಿ ಕಾಯಿ ಅಷ್ಟು ಖಾರ ಇರಂಗಿಲ್ರಿ. ಬರೇ ಬಣ್ಣ."

ಬರೇ ಬಣ್ಣ ಹೊಕ್ಕ ಗಂಟಲಿನಿಂದ ಗುರುಗಳು ವೇದಿಕೆಯ ಮೇಲೆ ಎರಡು ಸಲ ಷಡ್ಜ ಹಿಡಿಯಲು ನೋಡಿದರು. ಎರಡು ಸಲವೂ ಕೆಮ್ಮು ಬಂತು. ಆಮೇಲೆ ಕೈಮಾಡಿ ಅವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು, ತಂಬೂರಿ ಅವಳ ಕೈಗಿಟ್ಟರು. ಅವಳು ಬೇಡವೆಂದು ತಲೆಯಾಡಿಸಿದರೂ ಬಿಡಲಿಲ್ಲ. ಅವ್ವ ಭೀಮಪಲಾಸ ರಾಗ ಹಾಡಿದಳು. ಮೊದಮೊದಲು ನಡುಗಿದ ದನಿ ಆಮೇಲೆ ನೆಟ್ಟಗಾಯಿತು. ಹದಿನಾಲ್ಕು ವರ್ಷ ಮೆಣಸಿನಕಾಯಿ ಧೂಳು ಕುಡಿದ ಆ ಗಂಟಲು ಒಮ್ಮೆಯೂ ಕೆಮ್ಮಲಿಲ್ಲ. ಗುರುಗಳು ತೊಡೆಯ ಮೇಲೆ ತಾಳ ಹಾಕುತ್ತ, ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಅದು ಹಾಡಿಗೋ ಘಾಟಿಗೋ ನನಗೆ ಗೊತ್ತಾಗಲಿಲ್ಲ. ಜನ ಚಪ್ಪಾಳೆ ಹೊಡೆದಾಗ ಹನ್ನೊಂದು ವರ್ಷದ ನನಗೆ ಹೆಮ್ಮೆಯಿಂದ ಅಳು ಬಂತು.

ವಾಪಸು ಬರುವಾಗ ಗುರುಗಳು ಕೂತಿದ್ದ ಗಾದಿಯ ಮೇಲೆ ಅವ್ವ, ಪಕ್ಕದಲ್ಲಿ ನಾನು. ಇಳಿಸಲು ಮರೆತ ಚೀಲಗಳು ಮಂಚದ ಕೆಳಗೇ ಇದ್ದವು. ಅಪ್ಪನ ಬಾಯಿಗೆ ಬಿಡುವಿರಲಿಲ್ಲ.

"ನೋಡು, ನನ್ನ ಚೀಲ ಇರಲಿಲ್ಲಂದ್ರ ನಿನಗ ಸ್ಟೇಜ್ ಸಿಗ್ತಿತ್ತೇನು? ಎಲ್ಲಾ ಒಳ್ಳೇದಕ್ಕ ಆತು."

ಅವ್ವ ಗಾದಿಯ ಮೇಲೆ ಕೈಯಾಡಿಸಿದಳು.

"ನಾ ಹಾಡಾಕ ಬಂದಿದ್ದಿಲ್ರಿ," ಅಂದಳು. "ಅವರು ಹಾಡೋದು ಕೇಳಾಕ ಬಂದಿದ್ದೆ."

ಅಪ್ಪ ಬ್ಯಾಡಗಿ ಬರುವತನಕ ತಗ್ಗುಗಳನ್ನು ತಪ್ಪಿಸುತ್ತ ನಿಧಾನ ಓಡಿಸಿದ. ಅವ್ವ ಎದ್ದು, ತಾನೇ ಮುಚ್ಚಿದ್ದ ಎರಡೂ ಕಿಟಕಿಗಳನ್ನು ತೆರೆದಳು.